ನಲವತ್ತೊಂದು ಹೊಲಿಗೆ

ಚಳಿ ಬಿಟ್ಟಿತ್ತು, ಬಿಸಿಲಿನ್ನೂ ಬಲಿತಿರಲಿಲ್ಲ. ಬೆಳಗಿನ ಹತ್ತೂವರೆಯ ಹೊತ್ತು. ಆಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ನಾನು ಹೊಲಿಗೆ ಮೆಷಿನ್ನಿನ ಮುಂದೆ ಕೂತು ದಿಂಬಿನ ಚೀಲಗಳ ಅಂಚು ಮಡಿಸುತ್ತಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ತಲೆ ಎತ್ತಿದರೆ ದೊಡ್ಡ ಡಾಕ್ಟರು.

ಇಡೀ ಆಸ್ಪತ್ರೆ ಅವರ ಕೈಕೆಳಗೆ. ಅಂಥವರು ಅಡುಗೆಮನೆಯ ಹಿಂದಿನ ನಮ್ಮ ಕೋಣೆಗೆ ಕಾಲಿಟ್ಟು ಹದಿನೈದು ವರ್ಷವಾಗಿತ್ತು. ನಾನು ಎದ್ದು ನಿಂತೆ.

"ಕೂತ್ಕೊಳ್ಳಿ ಸೂಜಿ ತಾತ. ಇನ್ನೂ ಇದೇ ಮೆಷಿನ್ನಾ?"

"ಇಬ್ಬರೂ ಒಟ್ಟಿಗೇ ಕೆಟ್ಟು ನಿಲ್ಲೋಣ ಅಂತ ಮಾತಾಡ್ಕೊಂಡಿದೀವಿ ಸಾರ್" ಎಂದೆ. ಅವರು ನಕ್ಕರು. ಆ ನಗು ನನಗೆ ಹೊಸದಲ್ಲ.

ಇಪ್ಪತ್ತೆಂಟು ವರ್ಷಗಳ ಹಿಂದೆ ಅವರೂ ಇದೇ ಆಸ್ಪತ್ರೆಯಲ್ಲಿ ತರಬೇತಿಗೆ ಬಂದ ಹುಡುಗ. ಕಡ್ಡಿಯಂತಿದ್ದರು. ನಿಂತಲ್ಲೇ ತೂಕಡಿಸುತ್ತಿದ್ದುದರಿಂದ ವಾರ್ಡಿನವರೆಲ್ಲ ತೂಕಡಿಕೆ ಡಾಕ್ಟ್ರು ಎನ್ನುತ್ತಿದ್ದರು. ಮಧ್ಯಾಹ್ನ ಮೆಲ್ಲಗೆ ನಮ್ಮ ಕೋಣೆಗೆ ನುಸುಳಿ, ಬೆಡ್‌ಶೀಟು ಪೇರಿಸಿದ ಕಪಾಟಿನ ಹಿಂದೆ ಮುದುರಿ ಮಲಗುತ್ತಿದ್ದರು. ಅವರ ಮೇಲಿನವರು ಹುಡುಕಿಕೊಂಡು ಬಂದರೆ ನಾನು ಮೆಷಿನ್ನನ್ನು ದಡದಡ ತುಳಿಯುತ್ತಿದ್ದೆ, ಗೊರಕೆ ಕೇಳಿಸಬಾರದೆಂದು. ಒಮ್ಮೆಯಂತೂ ಖಾಲಿ ಬಟ್ಟೆಯ ಮೇಲೆ ಕಾಲು ಗಂಟೆ ಹೊಲಿದಿದ್ದೇನೆ. ಅದೆಲ್ಲ ನನಗೆ ನಿನ್ನೆ ಮೊನ್ನೆಯಂತೆ ನೆನಪಿದೆ. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಬರೆದಿಟ್ಟುಕೊಳ್ಳಲು ಬಾರದವನು ನೆನಪಿಟ್ಟುಕೊಳ್ಳದೆ ಇನ್ನೇನು ಮಾಡಿಯಾನು?

ದೊಡ್ಡ ಡಾಕ್ಟರು ಬಾಗಿಲಲ್ಲಿ ಬಂದು ನಿಂತ ಆ ದಿನಕ್ಕೆ, ಸೋಂಕು ಶುರುವಾಗಿ ಆರು ವಾರ. ಮೇಲಿನ ಮೂರು ಮಹಡಿಯೂ ತುಂಬಿ ಹೋಗಿತ್ತು. ತರಬೇತಿಯ ಹುಡುಗ ಹುಡುಗಿಯರು ಪಿಪಿಇ ಕಿಟ್ ತೊಟ್ಟು ಒಳಗೆ ಹೋದರೆ ಎಂಟು ಗಂಟೆ ನೀರಿಲ್ಲ, ಉಚ್ಚೆಗೂ ಹೋಗುವಂತಿಲ್ಲ. ಹೊರಗೆ ಬಂದಾಗ ಮುಖದ ಮೇಲೆ ಮಾಸ್ಕಿನ ಗೆರೆ ಬರೆ ಎಳೆದಂತೆ. ಮೆಟ್ಟಿಲ ಮೇಲೆ, ಲಿಫ್ಟಿನ ಪಕ್ಕ, ಎಲ್ಲೆಂದರಲ್ಲಿ ಕೂತು ನಿದ್ದೆ ಹೋಗುತ್ತಿದ್ದರು.

"ಈ ಮಕ್ಕಳಿಗೆ ಒಂದು ಜಾಗ ಬೇಕು ತಾತ" ಎಂದರು ದೊಡ್ಡ ಡಾಕ್ಟರು. "ನಿಮ್ಮ ಕೋಣೆ ಅರ್ಧ ಬಿಟ್ಟುಕೊಡಿ. ಆರು ಮಂಚ ಹಾಕಿಸ್ತೀನಿ. ಮೇಲಿನವರು ಯಾರೂ ಇಲ್ಲಿಗೆ ಬರಲ್ಲ. ರಿಜಿಸ್ಟರ್ ಇಲ್ಲ, ಸಹಿ ಇಲ್ಲ. ಯಾರು ಬಂದ್ರು, ಎಷ್ಟು ಹೊತ್ತು ಇದ್ರು, ಏನೂ ಬರೆಯೋದಿಲ್ಲ."

"ಬರೆಯೋಕೆ ನನಗೆ ಬರೋದೂ ಇಲ್ಲ ಬಿಡಿ" ಎಂದೆ.

"ಅದಕ್ಕೇ ನಿಮ್ಮ ಹತ್ರ ಬಂದಿದ್ದು" ಎಂದರು. ಆಗ ಅದು ನನಗೆ ಹೊಗಳಿಕೆಯಾಗಿ ಕೇಳಿಸಿತು.

ಬಾಗಿಲ ಮೇಲೆ ನೆಮ್ಮದಿ ಕೋಣೆ ಎಂದು ಬೋರ್ಡು ಬಿತ್ತು. ಮೊದಲ ವಾರ ಯಾರೂ ಬರಲಿಲ್ಲ. ಒಬ್ಬ ಹುಡುಗ ಮಾತ್ರ ಬಂದು ಗೋಡೆಗಳನ್ನೆಲ್ಲ ತಡವಿ ನೋಡಿದ. ಬಾಗಿಲಲ್ಲಿ ತಲೆ ಬಗ್ಗಿಸಿ ಬರಬೇಕಾದಷ್ಟು ಉದ್ದ, ಅವನನ್ನು ಎಲ್ಲರೂ ಏಣಿ ಎನ್ನುತ್ತಿದ್ದರು.

"ಕ್ಯಾಮೆರಾ ಎಲ್ಲಿಟ್ಟಿದಾರೆ ತಾತ?"

"ಹಲ್ಲಿ ಇದೆ. ಅದರ ಕಣ್ಣಲ್ಲಿ ಇಟ್ಟಿದ್ರೆ ಗೊತ್ತಿಲ್ಲ."

"ನಾವು ಇಲ್ಲಿ ಮಲಗಿದ್ದು ಮೇಲೆ ಗೊತ್ತಾದ್ರೆ ಪರೀಕ್ಷೆಯಲ್ಲಿ ನೋಡ್ಕೋತಾರೆ. ಇವನಿಗೆ ತಾಳೋಕೆ ಆಗಲ್ಲ ಅಂತಾರೆ."

"ನನ್ನ ಬಾಯಿಂದ ಗೊತ್ತಾಗಲ್ಲ ಕಣಪ್ಪ" ಎಂದೆ. ಮಾತು ಕೊಟ್ಟೆ.

ಮೊದಲು ಬಂದು ಮಲಗಿದ್ದು ಬುಗುರಿ. ಎರಡನೇ ವರ್ಷದ ತರಬೇತಿಯ ಹುಡುಗಿ, ಕುಳ್ಳಗೆ, ಒಂದು ಕಡೆ ನಿಲ್ಲುವವಳಲ್ಲ. ಆ ಹೆಸರು ಅವಳೇ ಹೇಳಿದ್ದು.

ಸೋಂಕಿನ ಕಾಲವಲ್ಲವೇ, ಒಬ್ಬರು ಮಲಗಿದ ಬೆಡ್‌ಶೀಟಿನ ಮೇಲೆ ಇನ್ನೊಬ್ಬರು ಮಲಗುವಂತಿಲ್ಲ. ಹಾಗಾಗಿ ಒಬ್ಬೊಬ್ಬರಿಗೆ ಒಂದೊಂದು ಬಟ್ಟೆ ಚೀಲ ಹೊಲಿದು, ಅದರಲ್ಲಿ ಅವರವರ ಶೀಟು, ದಿಂಬಿನ ಚೀಲ ಇಟ್ಟು ಗೋಡೆಯ ಗೂಟಕ್ಕೆ ನೇತು ಹಾಕಿದ್ದೆ. ಹದಿನಾರು ಗೂಟ, ಹದಿನಾರು ಚೀಲ. ಹೆಸರು ಬರೆಯುವಂತಿಲ್ಲ, ಅದಕ್ಕೆ ಚಿತ್ರ ಕಸೂತಿ ಹಾಕಿದೆ.

"ನಿನಗೆ ಏನು ಹಾಕಲಿ ಡಾಕ್ಟ್ರಮ್ಮ?"

"ಬುಗುರಿ ಹಾಕಿ ತಾತ. ನಮ್ಮಮ್ಮ ನನ್ನ ಹಾಗೇ ಕರೆಯೋದು. ನಿಂತ್ರೆ ಬಿದ್ದುಹೋಗ್ತೀಯ ಕಣೇ, ಅಂತಾರೆ."

ನನ್ನದೊಂದು ಹಳೆಯ ಅಭ್ಯಾಸವಿತ್ತು. ಬಿಸಿನೀರು, ಬ್ಲೀಚಿಂಗ್ ಪುಡಿ ತಿಂದು ತಿಂದು ಶೀಟು ಐವತ್ತು ಒಗೆತಕ್ಕೆಲ್ಲ ಜಾಳಾಗುತ್ತದೆ. ಆಮೇಲೆ ಬದಲಿಸಬೇಕು. ಅದು ಗೊತ್ತಾಗಲೆಂದು ಒಂದೊಂದು ಸಲ ಒಗೆದು ಬಂದಾಗಲೂ ಚೀಲದ ಅಂಚಿಗೆ ಕೆಂಪು ದಾರದಲ್ಲಿ ಒಂದು ಹೊಲಿಗೆ ಹಾಕುತ್ತಿದ್ದೆ. ಆಪರೇಷನ್ ಕೋಣೆಯ ಬಟ್ಟೆಗೂ ನಲವತ್ತು ವರ್ಷದಿಂದ ಹಾಗೇ ಮಾಡಿದವನು. ಅದು ಬರವಣಿಗೆ ಎಂದು ನನಗಾಗಲಿ, ಆ ಮಕ್ಕಳಿಗಾಗಲಿ ತೋಚಲೇ ಇಲ್ಲ.

ಇನ್ನೊಂದು ಮಾತು. ಮಲಗಿದ ದಿನವಷ್ಟೇ ಒಗೆಯುತ್ತಿದ್ದೆವು ಎಂದಲ್ಲ. ಯಾರಾದರೂ ಮಲಗಲಿ ಬಿಡಲಿ, ವಾರಕ್ಕೆ ಎರಡು ಸಲ ಹದಿನಾರೂ ಶೀಟು ಒಗೆಯಲೇಬೇಕು ಎಂದು ದೊಡ್ಡ ಡಾಕ್ಟರೇ ನಮ್ಮ ಬಾಗಿಲಲ್ಲಿ ನಿಂತು ಹೇಳಿದ್ದರು.

ಬುಗುರಿ ಬರುತ್ತಿದ್ದದ್ದು ಸಂಜೆ ಆರಕ್ಕೆ. ಐದು ಗಂಟೆಗೆ ವಾರ್ಡಿನ ಫೋನಿನಿಂದ ರೋಗಿಗಳ ಮನೆಯವರಿಗೆ ಸುದ್ದಿ ಹೇಳುವ ಕೆಲಸ ಅವಳದು. ಇಂಥವರು ಹೀಗಿದ್ದಾರೆ, ಇಂಥವರು ಹೋದರು. ಅದು ಮುಗಿದ ಮೇಲೆ ಬಂದು ಮಂಚದ ಅಂಚಿಗೆ ಕೂರುತ್ತಿದ್ದಳು. ನಿದ್ದೆ ಬರುತ್ತಿರಲಿಲ್ಲ.

"ಕೈಗೆ ಏನಾದ್ರೂ ಕೆಲಸ ಕೊಡಿ ತಾತ. ಮಾತಾಡೋ ಕೆಲಸ ಬೇಡ."

ನಾನು ಗುಂಡಿಗಳ ಡಬ್ಬಿ ಕೊಡುತ್ತಿದ್ದೆ. ಎರಡು ತೂತಿನವು ಒಂದು ಕಡೆ, ನಾಲ್ಕು ತೂತಿನವು ಒಂದು ಕಡೆ. ಬೇರೆ ಮಾಡುತ್ತಾ ಮಾಡುತ್ತಾ ಅವಳ ಉಸಿರು ಹದಕ್ಕೆ ಬರುತ್ತಿತ್ತು. ಒಂದು ದಿನ ಇದ್ದಕ್ಕಿದ್ದಂತೆ, "ಇವತ್ತು ಒಬ್ಬ ಅಜ್ಜಿ ನನಗೇ ಸಮಾಧಾನ ಹೇಳಿದ್ರು ತಾತ. ಗಂಡ ಹೋದ್ರು ಅಂತ ನಾನು ಹೇಳ್ತಿದೀನಿ, ಅವರು ನನ್ನನ್ನ ಊಟ ಆಯ್ತಾ ಮಗಳೇ ಅಂತಾರೆ" ಎಂದಳು.

"ಆಯ್ತಾ?"

"ಏನು?"

"ಊಟ."

ಅವಳು ಗುಂಡಿಗಳ ಮೇಲೆ ಬಗ್ಗಿ ನಕ್ಕಳು. ನಗು ಎಲ್ಲಿ ಅಳುವಾಯಿತೋ ನಾನು ನೋಡಲಿಲ್ಲ, ಮೆಷಿನ್ನಿನ ಕಡೆ ತಿರುಗಿಕೊಂಡೆ.

ಮೂರನೇ ತಿಂಗಳಿಗೆ ಹದಿನಾರು ಜನರೂ ಬಂದು ಹೋಗುತ್ತಿದ್ದರು, ಒಬ್ಬನನ್ನು ಬಿಟ್ಟು. ದಪ್ಪ ಕನ್ನಡಕದ ಒಬ್ಬ ಹುಡುಗ ಮಾತ್ರ ಬಾಗಿಲವರೆಗೂ ಬಂದು, ಚೀಲ ಮುಟ್ಟಿ ನೋಡಿ, "ಇರಲಿ ತಾತ, ನನ್ನದು ಅಂತ ಒಂದು ಇದೆಯಲ್ಲ, ಸಾಕು" ಎಂದು ಹಿಂದಿರುಗುತ್ತಿದ್ದ.

ಮನೆಯಲ್ಲಿ ನನ್ನ ಹೆಂಡತಿ ಬಾಗಿಲಲ್ಲೇ ಸೋಪಿನ ನೀರಿನ ಬಕೆಟ್ ಇಟ್ಟುಕೊಂಡು ಕಾಯುತ್ತಿದ್ದಳು. ಕೈಕಾಲು ತೊಳೆಯದೆ ಹೊಸಿಲು ದಾಟುವಂತಿರಲಿಲ್ಲ. "ಅರವತ್ತಾರು ವರ್ಷದ ಮುದುಕನಿಗೆ ಈ ವಯಸ್ಸಲ್ಲಿ ಹದಿನಾರು ಮಕ್ಕಳು" ಎಂದು ಅಣಕಿಸುತ್ತಿದ್ದಳು. ನಮಗೆ ಮಕ್ಕಳಿರಲಿಲ್ಲ. ಅಣಕಿಸುತ್ತಲೇ ನನ್ನ ಡಬ್ಬಿಯಲ್ಲಿ ಇಬ್ಬರಿಗಾಗುವಷ್ಟು ತುಂಬುತ್ತಿದ್ದಳು.

ನಾಲ್ಕನೇ ತಿಂಗಳಲ್ಲಿ ಆ ಮಕ್ಕಳು ಒಂದು ಅರ್ಜಿ ಬರೆದರು. ಇಪ್ಪತ್ತನಾಲ್ಕು ಗಂಟೆಗಿಂತ ಹೆಚ್ಚು ಒಂದೇ ಸಮನೆ ದುಡಿಸಬೇಡಿ, ವಾರ್ಡಿಗೆ ಇಬ್ಬರ ಬದಲು ನಾಲ್ವರನ್ನು ಹಾಕಿ, ಅಷ್ಟೇ. ಮೊದಲ ಸಹಿ ಬುಗುರಿಯದು. ದೊಡ್ಡ ಡಾಕ್ಟರು ಅದನ್ನು ಓದಿ ಮಡಿಸಿ ಜೇಬಿಗಿಟ್ಟುಕೊಂಡರಂತೆ.

ಹತ್ತು ದಿನ ಕಳೆಯಲಿಲ್ಲ, ಮೂರನೇ ವಾರ್ಡಿನಲ್ಲಿ ಆಗಬಾರದ್ದು ಆಯಿತು. ವಯಸ್ಸಾದ ಒಬ್ಬರ ಆಮ್ಲಜನಕದ ನಳಿಕೆ ಕಳಚಿಕೊಂಡು ಇಪ್ಪತ್ತು ನಿಮಿಷ ಯಾರಿಗೂ ಗೊತ್ತಾಗಲಿಲ್ಲ. ಜೀವ ಹೋಯಿತು. ನಲವತ್ತಾರು ರೋಗಿಗಳಿಗೆ ಅಂದು ಇದ್ದದ್ದು ಇಬ್ಬರು, ಏಣಿ ಮತ್ತು ಬುಗುರಿ. ಏಣಿ ಕಿಟ್ಟಿನೊಳಗೇ ತಲೆ ಸುತ್ತಿ ಬಿದ್ದಿದ್ದ, ಅವನನ್ನು ಹೊರಗೆ ಸಾಗಿಸಿದ್ದರು. ಬುಗುರಿ ಕಾರಿಡಾರಿನ ತುದಿಯಲ್ಲಿ ಫೋನು ಹಿಡಿದು ನಿಂತಿದ್ದಳು. ಸಂಜೆ ಐದರ ಫೋನು. ಸತ್ತವರ ಮಗ ದೂರು ಕೊಟ್ಟ, ಕೊಡಬೇಕಾದ್ದೇ. ವಿಚಾರಣೆಗೆ ಮೂವರು ಬರುತ್ತಾರೆ ಎಂದು ಸುದ್ದಿ ಬಂತು.

ವಿಚಾರಣೆಗೆ ಎರಡು ದಿನ ಮೊದಲು ದೊಡ್ಡ ಡಾಕ್ಟರು ಮತ್ತೆ ನಮ್ಮ ಕೋಣೆಗೆ ಬಂದರು. ಮಂಚದ ಮೇಲೆ ಕೂತರು. ಮುಖ ಬಾಡಿತ್ತು.

"ಆ ಹುಡುಗಿ ಹೇಗಿದಾಳೆ ತಾತ?"

"ಹೇಗಿರ್ತಾಳೆ ಸಾರ್. ಎರಡು ದಿನದಿಂದ ನನ್ನ ಊಟದ ಡಬ್ಬಿ ಮುಟ್ಟಿಲ್ಲ."

"ಅವಳಿಗೆ ರಜೆ ಕೊಡಿಸ್ಬೇಕು. ಒಂದು ತಿಂಗಳು ಅಮ್ಮನ ಹತ್ರ ಇದ್ದು ಬರಲಿ. ಇಲ್ಲದಿದ್ರೆ ಮುರಿದು ಹೋಗ್ತಾಳೆ." ನಾನು ತಲೆಯಾಡಿಸಿದೆ. "ಆದ್ರೆ ಬಾಯಿ ಮಾತಿಗೆ ಮೇಲಿನವರು ರಜೆ ಕೊಡಲ್ಲ. ಅವಳು ಎಷ್ಟು ದಣಿದಿದಾಳೆ ಅಂತ ತೋರಿಸೋಕೆ ಏನಾದ್ರೂ ಬೇಕು."

ಅವರ ಕಣ್ಣು ಗೂಟಗಳ ಕಡೆ ಹೋಯಿತು. "ಅದೇನು ಕೆಂಪು ಹೊಲಿಗೆ?"

ಹೇಳಿದೆ. ಹೇಳಬಾರದಿತ್ತು. ಆದರೆ ಯಾರಿಗೆ ಹೇಳುತ್ತಿದ್ದೆ? ಆ ಕಪಾಟಿನ ಹಿಂದೆ ಮುದುರಿ ಮಲಗಿದ್ದವರಿಗೆ. ಅವರು ಎದ್ದು ಬುಗುರಿಯ ಚೀಲ ಹಿಡಿದು ಬೆರಳಲ್ಲಿ ಎಣಿಸಿದರು. ನಲವತ್ತೊಂದು.

"ಇದನ್ನ ಕೊಡಿ ತಾತ."

"ಅವಳಿಗೊಂದು ಮಾತು ಹೇಳಿ ಕೊಡ್ತೀನಿ ಸಾರ್."

"ಬೇಡ. ಸ್ವಾಭಿಮಾನದ ಹುಡುಗಿ, ರಜೆ ಬೇಡ ಅಂದುಬಿಡ್ತಾಳೆ. ಅವಳ ಒಳ್ಳೇದಕ್ಕೆ ತಾನೆ?"

ಶೀಟು ತೆಗೆದಿಟ್ಟು, ಚೀಲವನ್ನು ಮಡಿಸಿ, ಕಾಗದದಲ್ಲಿ ಸುತ್ತಿ ನನ್ನ ಕೈಯಾರೆ ಕೊಟ್ಟೆ. ಮನೆಗೆ ಹೋಗಿ ಹೆಂಡತಿಗೆ, "ಆ ಮಗುವಿಗೆ ರಜೆ ಸಿಗುತ್ತೆ ಕಣೇ" ಎಂದೆ. ಅವಳು ಬಕೆಟ್ಟಿಗೆ ನೀರು ಹಾಕುತ್ತಿದ್ದವಳು ನಿಂತು, "ರಜೆ ಕೊಡೋ ಮನಸ್ಸಿದ್ರೆ ಚೀಲ ಯಾಕೆ ಬೇಕು?" ಎಂದಳು. ನಾನು ರೇಗಿದೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನಾನು ರೇಗಿದ್ದು ಬೆರಳೆಣಿಕೆ.

ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ನನ್ನನ್ನು ಮೇಲೆ ಕರೆದರು. ಉದ್ದನೆಯ ಮೇಜು, ಆ ಕಡೆ ವಿಚಾರಣೆಯ ಮೂವರು, ಪಕ್ಕದಲ್ಲಿ ದೊಡ್ಡ ಡಾಕ್ಟರು, ಬರೆದುಕೊಳ್ಳಲು ಒಬ್ಬ ಗುಮಾಸ್ತ. ಈ ಕಡೆ ಒಂಟಿ ಕುರ್ಚಿಯಲ್ಲಿ ಬುಗುರಿ. ಮೇಜಿನ ಮೇಲೆ ಅವಳ ಚೀಲ.

ನಾನು ದೊಡ್ಡ ಡಾಕ್ಟರ ಕಡೆ ನೋಡಿದೆ.

ಮೂವರಲ್ಲಿ ಹಿರಿಯರು, ನರೆತ ಕೂದಲಿನ ಹೆಂಗಸು, ಮೃದುವಾಗಿಯೇ ಕೇಳಿದರು. "ಈ ಹೊಲಿಗೆ ನಿಮ್ಮದಾ?"

"ನನ್ನದೇ ತಾಯಿ."

"ನಾಲ್ಕು ತಿಂಗಳಲ್ಲಿ ನಲವತ್ತೊಂದು ಸಲ ಈಕೆ ಕೆಲಸ ಬಿಟ್ಟು ಬಂದು ಮಲಗಿದಾರೆ. ಅಂದರೆ ಕೆಲಸದ ಒತ್ತಡ ತಾಳುವ ಸ್ಥಿತಿಯಲ್ಲಿ ಇರಲಿಲ್ಲ. ಹೌದಾ?"

ಆಗ ಬುಗುರಿ ತಿರುಗಿ ನನ್ನನ್ನು ನೋಡಿದಳು. ಕೋಪವಿದ್ದಿದ್ದರೆ ತಾಳಿಕೊಳ್ಳುತ್ತಿದ್ದೆ.

"ತಾತ, ನೀವು ಎಣಿಸ್ತಿದ್ರಾ?"

"ಇಲ್ಲಮ್ಮಾ, ಶೀಟು ಹರಿಯುತ್ತೆ ಅಂತ..." ಮೇಜಿನ ಕಡೆ ತಿರುಗಿದೆ. ಅಷ್ಟು ಜನ ಓದಿದವರ ಮುಂದೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. "ತಾಯಿ, ಇದು ಒಗೆತದ ಹೊಲಿಗೆ. ನಿದ್ದೆಯದಲ್ಲ. ಮಲಗಿದ್ರೂ ಮಲಗದಿದ್ರೂ ವಾರಕ್ಕೆ ಎರಡು ಸಲ ಒಗೀತೀವಿ. ಹದಿನೇಳು ವಾರಕ್ಕೆ ಮೂವತ್ತನಾಲ್ಕು ಹಾಗೇ ಆಯ್ತು. ಕನ್ನಡಕದ ಹುಡುಗ ಒಂದು ದಿನವೂ ಮಲಗಿಲ್ಲ. ಅವನ ಚೀಲದಲ್ಲೂ ಮೂವತ್ತನಾಲ್ಕಿದೆ. ಬೇಕಾದ್ರೆ ಎಣಿಸಿ ನೋಡಿ. ಇದರಲ್ಲಿ ಹೆಚ್ಚಿಗೆ ಇರೋ ಏಳೇ ಈ ಮಗು ಮಲಗಿದ್ದಕ್ಕೆ ಒಗೆದದ್ದು. ಈ ಮಗು ಬರ್ತಿದ್ದದ್ದೂ ಕೆಲಸ ಮುಗಿದ ಮೇಲೆ."

ಮೂವರೂ ಮುಖ ಮುಖ ನೋಡಿಕೊಂಡರು. ಹಿರಿಯಾಕೆ ಪೆನ್ನು ಕೆಳಗಿಟ್ಟರು. "ಹಾಗಿದ್ರೆ ಮಾತೇ ಬೇರೆ. ಉಳಿದ ಚೀಲಗಳನ್ನ ತನ್ನಿ. ನೋಡೋಣ."

ಮೆಟ್ಟಿಲಿಳಿಯುವಾಗ ನನ್ನ ಮಂಡಿ ನೋವು ನೆನಪೇ ಬರಲಿಲ್ಲ. ಬುಗುರಿ ಉಳಿದಳು ಅಂದುಕೊಂಡೇ ಬಾಗಿಲು ತೆರೆದೆ.

ಗೋಡೆಯ ಮೇಲೆ ಹದಿನಾರು ಗೂಟಗಳಷ್ಟೇ ಇದ್ದವು.

ಬೆಳಿಗ್ಗೆ ಜವಾನ ಬುಗುರಿಯ ಚೀಲವನ್ನು ಕಾಗದ ಬಿಚ್ಚಿ, ಕೈಯಲ್ಲಿ ತೂಗಾಡಿಸಿಕೊಂಡು ಕಾರಿಡಾರಿನುದ್ದ ನಡೆದಿದ್ದನಂತೆ. ಆ ಕಸೂತಿ ಯಾರಿಗೆ ಗೊತ್ತಿಲ್ಲ? ನಾನು ಮೇಲೆ ಹೋದ ಬೆನ್ನಿಗೇ ಉಳಿದವರು ಬಂದು ತಮ್ಮ ತಮ್ಮವನ್ನು ಕಿತ್ತುಕೊಂಡು ಹೋಗಿದ್ದರು.

ಏಣಿ ಹಿಂದಿನ ಅಂಗಳದಲ್ಲಿ ಸಿಕ್ಕಿದ. ಗೋಡೆಗೆ ಒರಗಿ ನಿಂತಿದ್ದ.

"ಚೀಲ ಎಲ್ಲಪ್ಪಾ? ಬೇಗ ಕೊಡು. ಅವು ಸಿಕ್ಕಿದ್ರೆ ಬುಗುರಿ ಉಳೀತಾಳೆ."

"ಇನ್ನೂ ಯಾರನ್ನ ಹಿಡಿದು ಕೊಡ್ಬೇಕು ತಾತ?"

"ಅಯ್ಯೋ, ನಾನು ಹೇಳೋದು ಕೇಳು..."

"ನಿಮ್ಮ ಮಾತು ನಂಬಿ ನಾನೇ ಎಲ್ಲರನ್ನೂ ಕರ್ಕೊಂಡು ಬಂದೆ. ಕ್ಯಾಮೆರಾ ಇಲ್ಲ, ಬನ್ರೋ ಅಂದೆ." ಅಂಗಳದ ಮೂಲೆಗೆ ಕೈ ತೋರಿಸಿದ. "ಸುಟ್ಟುಬಿಟ್ವಿ. ಹಳದಿ ಕಸದ ಚೀಲಕ್ಕೆ ತುಂಬಿ ಒಲೆಗೆ ಹಾಕಿಸಿಬಿಟ್ವಿ. ಈಗ ಏನ್ ಎಣಿಸ್ತೀರೋ ಎಣಿಸ್ಕೊಳ್ಳಿ."

ಸೋಂಕಿನ ಕಸ ಸುಡುವ ಒಲೆ ಅಂಗಳದ ಮೂಲೆಯಲ್ಲಿತ್ತು. ಅದರ ಚಿಮಣಿ ಹೊಗೆಯಾಡುತ್ತಿತ್ತು. ಕನ್ನಡಕದ ಹುಡುಗನ ಚೀಲವೂ ಅದರಲ್ಲೇ ಹೋಗಿತ್ತು. ಆ ಚೀಲವೊಂದೇ ಬುಗುರಿಯನ್ನು ಉಳಿಸುತ್ತಿತ್ತು ಎಂದು ಏಣಿಗೆ ಹೇಳಿದೆ. ಅಷ್ಟು ಉದ್ದದ ಹುಡುಗ ನೆಲಕ್ಕೆ ಕುಸಿದು ಕೂತ. "ಮೊದಲೇ ಯಾಕೆ ಹೇಳಲಿಲ್ಲ ತಾತ, ಮೊದಲೇ ಯಾಕೆ ಹೇಳಲಿಲ್ಲ" ಎನ್ನುತ್ತಲೇ ಇದ್ದ.

ಬರಿಗೈಯಲ್ಲಿ ಮೇಲೆ ಹತ್ತಿದೆ. ಇದ್ದದ್ದನ್ನು ಇದ್ದಂತೆ ಹೇಳಿದೆ. ಗುಮಾಸ್ತ ಬರೆದುಕೊಳ್ಳುವುದನ್ನು ನಿಲ್ಲಿಸಿದ.

"ವಾರಕ್ಕೆ ಎರಡು ಸಲ ಒಗೆಯಬೇಕು ಅಂತ ಬರವಣಿಗೆಯಲ್ಲಿ ಆದೇಶ ಇದೆಯಾ?" ಎಂದು ಹಿರಿಯಾಕೆ ಕೇಳಿದರು.

"ಆ ಕೋಣೆಯಲ್ಲಿ ಏನೂ ಬರೆಯುವಂತಿರಲಿಲ್ಲ ತಾಯಿ. ಬಾಯಲ್ಲಿ ಹೇಳಿದ್ರು. ಹೇಳಿದವರು ಇಲ್ಲೇ ಕೂತಿದಾರೆ." ನಾನು ದೊಡ್ಡ ಡಾಕ್ಟರ ಕಡೆ ಕೈ ಮುಗಿದೆ. "ನಮ್ಮ ಬಾಗಿಲಲ್ಲಿ ನಿಂತು ಹೇಳಿದ್ರಿ. ಒಂದು ಮಾತು ಹೇಳಿಬಿಡಿ ಸಾರ್."

ಎಲ್ಲರೂ ಅವರನ್ನೇ ನೋಡಿದರು. ಅವರು ಮುಂದಿದ್ದ ಕಡತದ ಹಾಳೆಯೊಂದನ್ನು ತಿರುಗಿಸಿದರು. ಮತ್ತೊಂದು ತಿರುಗಿಸಿದರು.

"ನನಗೆ ನೆನಪಿಲ್ಲ" ಎಂದರು.

ಬುಗುರಿ ತಲೆ ತಗ್ಗಿಸಿ ಕೂತಿದ್ದಳು. ಕೇಳಿದ್ದಕ್ಕೆ, "ನಾನು ಫೋನಿನಲ್ಲಿದ್ದೆ. ಐದು ಗಂಟೆ ಆಗಿತ್ತು" ಎಂದಷ್ಟೇ ಹೇಳಿದಳು. ಗುಮಾಸ್ತ ನನ್ನ ಮುಂದೆ ಹಾಳೆ ತಳ್ಳಿದ. ಅಕ್ಷರ ಕೂಡಿಸಿ ಕೂಡಿಸಿ ಓದಿದೆ. ದರ್ಜಿಯ ಹೇಳಿಕೆಗೆ ಆಧಾರವಿಲ್ಲ, ಎಂದಿತ್ತು. ಅದರ ಕೆಳಗೆ ನನ್ನ ಸಹಿ ಬೇಕಂತೆ.

ಕಾರಿಡಾರಿನಲ್ಲಿ ದೊಡ್ಡ ಡಾಕ್ಟರು ನನ್ನನ್ನು ದಾಟಿ ಹೋಗುತ್ತಿದ್ದರು. ಅಡ್ಡ ನಿಂತೆ. ನನ್ನ ಜೀವಮಾನದಲ್ಲಿ ಯಾರಿಗೂ ಅಡ್ಡ ನಿಂತವನಲ್ಲ.

"ರಜೆ ಕೊಡಿಸ್ತೀನಿ ಅಂದ್ರಿ."

ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ಆ ವಾರ್ಡಿಗೆ ಇಬ್ಬರೇ ಯಾಕೆ ಅಂತ ಕೇಳಿದ್ರೆ ನಾನು ಏನು ಹೇಳ್ಲಿ ತಾತ? ಅವಳು ಚಿಕ್ಕವಳು, ಇನ್ನೆಲ್ಲಾದ್ರೂ ಮತ್ತೆ ಸೇರ್ಕೋತಾಳೆ. ಐವತ್ಮೂರಕ್ಕೆ ನನ್ನನ್ನ ಯಾರು ಸೇರಿಸ್ಕೋತಾರೆ?"

"ನೀವು ಕಪಾಟಿನ ಹಿಂದೆ ಮಲಗ್ತಿದ್ರಿ ಸಾರ್. ಮೂರು ವರ್ಷ. ನಿಮ್ಮನ್ನ ಹುಡುಕಿಕೊಂಡು ನನ್ನ ಹತ್ರ ಕೇಳೋಕೂ ಜನ ಬಂದಿದ್ರು."

"ಅದಕ್ಕೆ ಈಗ ಏನು ಮಾಡ್ಬೇಕು ಅಂತೀರಿ?" ಎಂದರು. ಬೆದರಿಕೆಯಲ್ಲ; ನಿಜವಾಗಿಯೂ ಕೇಳಿದಂತಿತ್ತು. ಅವರು ಬದಿಯಿಂದ ದಾಟಿಕೊಂಡು ಹೋದರು.

ಬುಧವಾರ ಆದೇಶ ಬಂತು. ಒತ್ತಡ ತಾಳಲಾರದವಳು, ತರಬೇತಿಗೆ ತಕ್ಕವಳಲ್ಲ, ಎರಡು ವರ್ಷದ ಕಲಿಕೆ ರದ್ದು. ಆರು ಮಂಚಗಳು ಹಾಸಿದ್ದು ಹಾಸಿದಂತೇ ಇದ್ದವು. ಮಕ್ಕಳು ಮತ್ತೆ ಮೆಟ್ಟಿಲ ಮೇಲೆ ಕೂತು ಗೋಡೆಗೆ ತಲೆಯಾನಿಸಿದರು. ನಾನು ಹಾದುಹೋದರೆ ನಿದ್ದೆಯಲ್ಲಿದ್ದವರೂ ಎದ್ದು ಬಿಡುತ್ತಿದ್ದರು.

ಹೆಂಡತಿ ಅಂದು ಏನೂ ಅಣಕಿಸಲಿಲ್ಲ. ನನ್ನ ಕೈಮೇಲೆ ನೀರು ಹಾಕುತ್ತಾ, "ಆ ಹುಡುಗಿಗೆ ಹೋಗಿ ಹೇಳಿದ್ರಾ?" ಎಂದಳು.

"ಏನಂತ ಹೇಳ್ಲಿ?"

"ತಪ್ಪಾಯ್ತು ಅಂತ. ಮೋಸ ಹೋದೆ ಅಂತ ಹೇಳಬೇಡಿ. ಅದು ನಿಮ್ಮ ಸಂಕಟ, ಅವಳದಲ್ಲ."

ಮಾರನೆಯ ಬೆಳಿಗ್ಗೆ ಹಾಸ್ಟೆಲಿನ ಗೇಟಿನ ಹತ್ತಿರ ನಿಂತೆ. ಸಣ್ಣಗೆ ಮಳೆ. ಬುಗುರಿ ಒಂದು ಪೆಟ್ಟಿಗೆ ಎಳೆದುಕೊಂಡು ಬಂದಳು. ಪಕ್ಕದಲ್ಲಿ ಅವಳ ತಾಯಿ, ಮಗಳಷ್ಟೇ ಕುಳ್ಳಗೆ, ಕೊಡೆಯನ್ನು ಪೂರ್ತಿ ಮಗಳ ಕಡೆಗೆ ವಾಲಿಸಿ ತಾವು ನೆನೆಯುತ್ತಿದ್ದರು.

"ತಪ್ಪಾಯ್ತು ಡಾಕ್ಟ್ರಮ್ಮ" ಎಂದೆ.

ಅವಳು ನಿಂತಳು. "ಹಾಗೆ ಕರೀಬೇಡಿ ತಾತ" ಎಂದಳು. ತಾಯಿ, "ಯಾರು ಇವರು?" ಎಂದು ಕೇಳಿದರು. ಅವಳು ನನ್ನನ್ನೇ ನೋಡುತ್ತಾ, "ಇಲ್ಲಿ ಕೆಲಸ ಮಾಡೋರಮ್ಮ" ಎಂದಳು.

ಆಟೋ ಗೇಟು ದಾಟಿತು.

ದೊಡ್ಡ ಡಾಕ್ಟರು ಅಲ್ಲೇ ಇದ್ದರು, ಈಗಲೂ ಇದ್ದಾರೆ. ಏಣಿ ತಿಂಗಳೊಪ್ಪತ್ತಿನಲ್ಲಿ ತಾನೇ ರಾಜೀನಾಮೆ ಬರೆದುಕೊಟ್ಟು ಹೋದ. ಯಾವ ದಿನವೆಂದು ನನಗೆ ಯಾರೂ ಹೇಳಲಿಲ್ಲ. ಬುಗುರಿ ಹೋದದ್ದು ಗುರುವಾರ. ನಾನು ಕೋಣೆಯ ಬೀಗದ ಕೈಯನ್ನು ಆಫೀಸಿನ ಮೇಜಿನ ಮೇಲಿಟ್ಟು ಹೊರಬಿದ್ದದ್ದು ಅದೇ ವಾರದ ಶನಿವಾರ.